ಬ್ಯಾಂಕಾಕಿನಲ್ಲಿ ಒಂದು ಚಮಚ ಮೊಸರು

ರಾಣೆಬೆನ್ನೂರು

ನಾನು ದರ್ಜಿ. ರಾಣೆಬೆನ್ನೂರಿನ ಅರ್ಧ ಹೆಣ್ಣುಮಕ್ಕಳ ಸೊಂಟದ ಸುತ್ತಳತೆ ನನಗೆ ಬಾಯಿಪಾಠ. ಉಳಿದ ಅರ್ಧದವರದು ಬಜಾರದಲ್ಲಿ ಎದುರು ಬಂದರೆ ಟೇಪು ಹಿಡಿಯದೆಯೇ ಗೊತ್ತಾಗುತ್ತದೆ. ಇಪ್ಪತ್ತಾರು ವರ್ಷಗಳಲ್ಲಿ ಒಬ್ಬರ ಅಳತೆಯನ್ನು ಇನ್ನೊಬ್ಬರ ಮುಂದೆ ಆಡಿದವಳಲ್ಲ. ಹಾಗಾಗಿ ನನ್ನ ತಂಗಿ ಸುಮಿತ್ರಾ ಒಂದು ರವಿವಾರ ಹಾವೇರಿಯಿಂದ ಬಂದು, ಅಂಗಡಿಯ ಪರದೆ ಎಳೆದು, "ಅಕ್ಕಾ, ನಾ ಹೊಟ್ಟಿ ಕೊಬ್ಬು ತೆಗಿಸ್ಕೋಬೇಕಂತ ಮಾಡೇನಿ" ಎಂದಾಗ, ಅವಳು ಬಂದದ್ದು ಅಕ್ಕನ ಹತ್ತಿರವೋ ದರ್ಜಿಯ ಹತ್ತಿರವೋ ನನಗೆ ತಿಳಿಯಲಿಲ್ಲ.

ಸುಮಿ ಕರ್ಜಗಿಯ ಶಾಲೆಯಲ್ಲಿ ಟೀಚರು. ವಯಸ್ಸು ನಲವತ್ತಮೂರು. ಕೈಕಾಲು ಕೋಲಿನಂತೆ ಸಣ್ಣ. ಆದರೆ ಎರಡು ಹೆರಿಗೆಯ ನಂತರ ಹೊಕ್ಕುಳದ ಕೆಳಗೆ ಮತ್ತು ಸೊಂಟದ ಎರಡೂ ಬದಿಗೆ ಕೊಬ್ಬು ಬಂದು ಕೂತಿದ್ದು ಏಳಲೇ ಇಲ್ಲ. ಬೆಳಿಗ್ಗೆ ಎದ್ದು ನಡೆದಳು. ರೊಟ್ಟಿ ಎರಡರಿಂದ ಒಂದಕ್ಕೆ ಇಳಿಸಿದಳು. ಕೆನ್ನೆ ಒಳಗೆ ಹೋಯಿತು, ಹೊಟ್ಟೆ ಹೋಗಲಿಲ್ಲ.

"ಈಗ ಏನಾತು ಅಂಥಾದ್ದು?" ಎಂದೆ.

"ಬಸ್ಸಿನ್ಯಾಗ ಕಂಡಕ್ಟರ್ ಎಲ್ಲಾರಿಗೂ ಕೇಳೂ ಹಂಗ ಒದರಿದ. 'ಏ ಯಜಮಾನ್ರ, ಏಳ್ರಿ, ಬಸರ ಹೆಣ್ಮಗಳು ನಿಂತಾಳ, ಕಣ್ಣ ಕಾಣ್ತಾವಿಲ್ಲ?' ಅಂತ. ಈ ವರ್ಷ ಇದು ನಾಲ್ಕನೇ ಸಲ."

"ನೀ ಏನ್ ಮಾಡಿದಿ?"

"ಕುಂತೆ. ಇಲ್ಲಾ ಅಂದಿದ್ರ ಹೌದೋ ಅಲ್ಲೋ ಅಂತ ಇಡೀ ಬಸ್ಸಿಗೆ ತಿಳಿಸಿ ಹೇಳಬೇಕಾಗ್ತಿತ್ತು."

ನಾನು ನಕ್ಕೆ. ಅವಳು ನಗಲಿಲ್ಲ. ಆಮೇಲೆ ನಾನೂ ನಗು ನಿಲ್ಲಿಸಿದೆ.

ಹುಬ್ಬಳ್ಳಿಯಲ್ಲಿ ಇದನ್ನು ಮಾಡುವವರಿಲ್ಲವೇ ಎಂದರೆ, ಇದ್ದಾರೆ. ಆದರೆ ಹುಬ್ಬಳ್ಳಿಯ ಯಾವ ಆಸ್ಪತ್ರೆಯ ಯಾವ ಬೆಂಚಿನ ಮೇಲೆ ಕುಳಿತರೂ ಪಕ್ಕದಲ್ಲಿ ಹಾವೇರಿಯವರೇ ಇರುತ್ತಾರೆ. "ಏನ್ ಟೀಚರ್, ಏನಾಗೇತ್ರಿ?" ಎಂದು ಕೇಳಿ, ನಾವು ಹೇಳುವ ಮೊದಲೇ ಊರಿಗೆ ಫೋನು ಹಚ್ಚಿರುತ್ತಾರೆ. ಸುಮಿಯ ಕಾಲೇಜಿನ ಗೆಳತಿಯೊಬ್ಬಳು ಬ್ಯಾಂಕಾಕಿಗೆ ಹೋಗಿ ಇದನ್ನೇ ಮಾಡಿಸಿಕೊಂಡು ಬಂದಿದ್ದಳು. ಅಲ್ಲಿ ಯಾರ ಕಾಟವೂ ಇಲ್ಲವಂತೆ. ಗಂಡನನ್ನು ಒಪ್ಪಿಸಿ ಆಗಿತ್ತು. ಅವನಿಗೆ ರಜೆ ಇರಲಿಲ್ಲ. ಜೊತೆಗೆ ಯಾರು? ನಾನು.

ನನ್ನ ಸ್ವಭಾವ ತಿಳಿದವರು ಯಾರೂ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದಿಲ್ಲ. ಕರೆಂಟು ಹೋದರೆ ಇಸ್ತ್ರಿಪೆಟ್ಟಿಗೆ ಆರಿಸಿದೆನೋ ಇಲ್ಲವೋ ಎಂದು ಚಿಂತಿಸುತ್ತೇನೆ. ಬಂದರೆ, ಬಟ್ಟೆ ಹೊತ್ತಿಕೊಂಡಿತೋ ಎಂದು. ಅಳಿಯಂದಿರು ಊರು ತಲುಪಿದೆವು ಎಂದು ಫೋನು ಮಾಡಿದರೆ, ದನಿ ಯಾಕೆ ಹಾಗಿದೆ ಎಂದು.

ಹೊರಡುವ ಮೊದಲು ಸುಮಿಯನ್ನು ನಮ್ಮ ಮನೆಯ ವೈದ್ಯರ ಹತ್ತಿರ ಕರೆದೊಯ್ದೆ. ಇಪ್ಪತ್ತು ವರ್ಷದಿಂದ ನನ್ನ ಎಲ್ಲ ಕಾಲ್ಪನಿಕ ರೋಗಗಳನ್ನು ಗುಣಪಡಿಸಿದವರು ಅವರು. ಕನ್ನಡಕ ಏರಿಸಿ ಹೇಳಿದರು:

"ನೋಡ್ರಿ ಟೀಚರ್, ಇದು ತೂಕಾ ಇಳಿಸೂ ಆಪರೇಶನ್ ಅಲ್ಲ. ಎಲ್ಲಾ ಕಡೆ ದಪ್ಪ ಇದ್ದವರಿಗೆ ಅಲ್ಲ ಇದು. ನಿಮ್ಮಂಗ ತೂಕಾ ನೆಟ್ಟಗಿದ್ದು, ಒಂದೆರಡು ಕಡೆ ಕೊಬ್ಬು ಹಟಾ ಹಿಡದು ಕುಂತಿರತೈತಲ್ಲ, ಅದಕ್ಕ. ಈಗ ಏನೇನು ಗುಳಿಗಿ ನುಂಗತೀರಿ, ಎಲ್ಲಾ ಹೇಳ್ರಿ."

"ಏನಿಲ್ರಿ ಸರ್."

"ಎಲ್ಲಾ ಅಂದೆ."

ಸುಮಿ ಚೀಲದಿಂದ ಒಂದು ಹಸಿರು ಡಬ್ಬಿ ತೆಗೆದಳು. ಸಹೋದ್ಯೋಗಿಯೊಬ್ಬಳು ಮಾರಿದ ತೂಕ ಇಳಿಸುವ ಗಿಡಮೂಲಿಕೆ ಗುಳಿಗೆ. ಇನ್ನೊಂದು ಡಬ್ಬಿ ಬೆಳ್ಳುಳ್ಳಿ ಸತ್ವದ್ದು. ಅಕ್ಕನಾದ ನನಗೂ ಇದು ಗೊತ್ತಿರಲಿಲ್ಲ.

"ಇವೂ ಗುಳಿಗೀನ ಅಲ್ಲೇನ್ರಿ? ಇಂಥಾವು ಕೆಲವು ರಕ್ತಾ ತೆಳುವು ಮಾಡ್ತಾವ. ಕೊಯ್ದಾಗ ರಕ್ತ ನಿಲ್ಲಾಂಗಿಲ್ಲ. ಅಲ್ಲಿಯ ಡಾಕ್ಟ್ರಿಗೆ ಈಗ ಬರದು ತಿಳಸ್ರಿ, ಎಂದು ನಿಲ್ಲಸಬೇಕು ಅನ್ನೂದು ಅವರು ಹೇಳ್ತಾರ. ಮತ್ತ ಇನ್ನೊಂದು. ಅಲ್ಲೆ ಕೊಯ್ಯಿಸ್ಕೊಂಡು ಬಂದು ಇಲ್ಲೆ ಜ್ವರಾ ಬಂತು, ಕೀವಾತು ಅಂದ್ರ ಯಾರ ನೋಡಬೇಕು?"

ಈ ಪ್ರಶ್ನೆ ಅಂತರ್ಜಾಲದಲ್ಲಿ ಓದಿದ ಯಾವ ಪುಟದಲ್ಲೂ ನಮಗೆ ಸಿಕ್ಕಿರಲಿಲ್ಲ.

"ನಾನ ನೋಡ್ತೇನಿ, ಮತ್ಯಾರು? ಆದ್ರ ಅಲ್ಲಿ ಏನ್ ಮಾಡಿದ್ರು ಅಂತ ಕಾಗದಾ ಪೂರಾ ತೊಗೊಂಡ ಬರ್ರಿ."

ಬ್ಯಾಡಗಿ

ತವರುಮನೆಗೆ ಹೇಳಿ ಹೋಗದಿದ್ದರೆ ನಡೆಯುವುದಿಲ್ಲ. ಅಣ್ಣನಿಗೆ ಮೆಣಸಿನಕಾಯಿ ವ್ಯಾಪಾರ. ಅವನ ಮನೆಯ ಬಾಗಿಲಲ್ಲಿ ನಿಂತರೆ ಅತಿಥಿಗೂ ಒಂದು, ಸಾಲಿಗನಿಗೂ ಒಂದು ಸೀನು ಗ್ಯಾರಂಟಿ. ಬುದ್ಧನ ಗುಡಿಗಳನ್ನು ನೋಡಲು ಹೊರಟಿದ್ದೇವೆ ಎಂದೆವು. ಅಣ್ಣನ ಹೆಂಡತಿ, ನಮ್ಮ ವೈನಿ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ದೇವರಗುಡ್ಡಕ್ಕ ಬಾ ಅಂದ್ರ ಮಳಕಾಲ ನೋವು ಅಂತಿ, ಬ್ಯಾಂಕಾಕಿಗೆ ಮಳಕಾಲ ಬರ್ತಾವೇನ?"

ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ವೈನಿ ಒಂದು ಸೇರು ಖಾರದ ಪುಡಿ ಕಟ್ಟಿಕೊಟ್ಟಳು. ಪರದೇಶದಲ್ಲಿ ಖಾರ ಸಿಗುವುದಿಲ್ಲ ಎಂಬುದು ಬ್ಯಾಡಗಿಯವರ ಅಚಲ ನಂಬಿಕೆ.

ಬ್ಯಾಂಕಾಕ್, ಮೊದಲ ದಿನ

ಆ ನಂಬಿಕೆ ಮಧ್ಯಾಹ್ನದ ಊಟದವರೆಗೆ ಬಾಳಿತು. ರಸ್ತೆಬದಿಯ ಅಂಗಡಿಯಲ್ಲಿ ಹಸಿ ಪಪ್ಪಾಯಿಯ ಕೋಸಂಬರಿಯಂಥದ್ದು ಕೊಟ್ಟರು. ಸಸ್ಯಾಹಾರ ಎಂದು ಮೂರು ಸಲ ಕೈಮುಗಿದು ಹೇಳಿ, ಮೀನಿನ ರಸ ಹಾಕದೆ ಮಾಡಿಸಿಕೊಂಡಿದ್ದೆವು. ಅದರಲ್ಲಿ ಬೆರಳಿನ ಉಗುರಿನಷ್ಟು ಒಂದು ಮೆಣಸಿನಕಾಯಿ. ನಮ್ಮ ಬ್ಯಾಡಗಿ ಮೆಣಸಿನಕಾಯಿ ಬಣ್ಣದ ಮನುಷ್ಯ. ನೋಡಲು ಕೆಂಪು, ಮನಸ್ಸು ತಣ್ಣಗೆ. ಇದು ತದ್ವಿರುದ್ಧ. ಮೆಣಸಿನ ಊರಿನ ಮಗಳು ನಾನು, ಕಣ್ಣೀರು ಸುರಿಸುತ್ತ ನೀರು ಬೇಡಿದೆ. ಅಂಗಡಿಯಾಕೆ ಸಕ್ಕರೆ ಹಾಕಿದ ಅನ್ನ ತಂದು ಬಾಯಿಗಿಟ್ಟಳು, ಕೂಸಿಗೆ ಇಟ್ಟ ಹಾಗೆ. ವೈನಿಯ ಪುಡಿ ಚೀಲದಿಂದ ಹೊರಗೆ ಬರಲೇ ಇಲ್ಲ.

ಆಸ್ಪತ್ರೆಯವರು ನಮಗೊಬ್ಬ ದುಭಾಷಿಯನ್ನು ಕೊಟ್ಟಿದ್ದರು. ಹೆಸರು ನೋಯ್. ಮೂವತ್ತರ ಹುಡುಗಿ. ಹಿಂದಿ ಮಾತಾಡುತ್ತಿದ್ದಳು, ನನ್ನ ರಾಣೆಬೆನ್ನೂರಿನ ಹಿಂದಿಗಿಂತ ಎಷ್ಟೋ ಚೆನ್ನಾಗಿ. ಅಲ್ಲಿಯ ಜನ ಎದುರಾದರೆ ಮೊದಲು "ಅನ್ನ ಉಂಡಿರಾ?" ಎಂದು ಕೇಳುತ್ತಾರೆ ಎಂದು ಅವಳು ಹೇಳಿದಾಗ ನನ್ನ ಅರ್ಧ ಪರದೇಶ ಕಳೆಯಿತು. ಉಳಿದ ಅರ್ಧ ಕಳೆದದ್ದು ಹೋಟೆಲಿನ ಲಿಫ್ಟಿನಲ್ಲಿ. ಹಾಸಿಗೆ ಬದಲಿಸುವ ಹೆಂಗಸು ನನ್ನನ್ನು ನೋಡಿ ನಗುತ್ತ ಏನೋ ಅಂದಳು. ನೋಯ್ ಸಂಕೋಚಪಟ್ಟು ಅನುವಾದಿಸಿದಳು: "ಇವರು ಎಷ್ಟು ಮುದ್ದಾಗಿ ದಪ್ಪ ಇದ್ದಾರೆ ಎನ್ನುತ್ತಿದ್ದಾಳೆ."

ಮುದ್ದಾಗಿ ಎಂಬ ಮಾತು ಬಿಟ್ಟರೆ ಪೂರಾ ನಮ್ಮೂರೇ.

"ನೋಡ," ಎಂದಳು ಸುಮಿ, "ಇಲ್ಲಿ ಎಲ್ಲಾರ ಕಣ್ಣು ನಿನ್ನ ಮ್ಯಾಲ ಐತಿ. ನನಗ ಆರಾಮಾತು."

ಎರಡನೆಯ ದಿನ

ಆಸ್ಪತ್ರೆ ಎಂದರೆ ನನಗೆ ಫಿನಾಯಿಲಿನ ವಾಸನೆ, ಔಷಧಿ ಚೀಟಿ ಹಿಡಿದು ಓಡುವ ಸಂಬಂಧಿಕರು. ಇಲ್ಲಿ ಪಿಯಾನೊ ತಾನೇ ನುಡಿಯುತ್ತಿತ್ತು. ಅದು ನನ್ನ ಚಿಂತೆಯನ್ನು ಹೆಚ್ಚಿಸಿತು. ಇಷ್ಟು ಸಿಂಗಾರ ಮಾಡಿದ್ದಾರೆಂದರೆ ಏನನ್ನೋ ಮುಚ್ಚುತ್ತಿದ್ದಾರೆ. ಬಣ್ಣದ ಲೈನಿಂಗು ಹಾಕಿ ಹಳೆ ಬಟ್ಟೆ ಮಾರುವವರನ್ನು ನಾನು ಬಲ್ಲೆ.

ವೈದ್ಯರು ಐವತ್ತರ ಆಸುಪಾಸಿನವರು, ಮಾತು ಕಡಿಮೆ. ಸುಮಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಹೊಟ್ಟೆಯ ಕೊಬ್ಬನ್ನು ಎರಡು ಬೆರಳಲ್ಲಿ ಚಿವುಟಿ ಎತ್ತಿದರು. ಹೀಗೆ ಚಿವುಟಿದಾಗ ಕೈಗೆ ಬರುವುದನ್ನು ಮಾತ್ರ ತೆಗೆಯಬಹುದು ಎಂದರು. ಸ್ನಾಯುವಿನ ಹಿಂದೆ, ಕರುಳಿನ ಸುತ್ತ ಇರುವುದನ್ನು ಕೊಬ್ಬು ಹೀರುವ ಯಾವ ನಳಿಗೆಯೂ ಮುಟ್ಟುವುದಿಲ್ಲ. ಅದಕ್ಕೆ ಊಟ, ನಡಿಗೆ ಎರಡೇ. ಆಮೇಲೆ ಅವರ ಕಣ್ಣು ನನ್ನ ಹೊಟ್ಟೆಯ ಮೇಲೆ ಒಂದು ಕ್ಷಣ ನಿಂತಿತು. ನಾನು ಸೆರಗು ಸರಿಮಾಡಿಕೊಂಡೆ.

ನಾನು ಪ್ರಶ್ನೆ ಶುರುಮಾಡಿದೆ. ನೋಯ್ ಅನುವಾದಿಸುತ್ತ ಸುಸ್ತಾದಳು. ಚರ್ಮ ಜೋತುಬಿದ್ದರೆ? ಚರ್ಮಕ್ಕೆ ಬಿಗಿ ಇದ್ದರೆ ಕುಗ್ಗುತ್ತದೆ, ಇಲ್ಲದಿದ್ದರೆ ಸಡಿಲಾಗಿ ನಿಲ್ಲುತ್ತದೆ. ತಂಗಿಯದು ಅಡ್ಡಿಯಿಲ್ಲ, ಆದರೆ ಹೆರಿಗೆಯ ಗೆರೆಗಳು ಹೋಗುವುದಿಲ್ಲ. ಕೊಬ್ಬು ವಾಪಸು ಬಂದರೆ? ತೆಗೆದದ್ದು ಬರುವುದಿಲ್ಲ. ಉಳಿದದ್ದು ತಿಂದರೆ ಬೆಳೆಯುತ್ತದೆ. ಎರಡು ಬದಿ ಏರುಪೇರಾದರೆ? ಆಗಬಹುದು. ಸೋಂಕು, ರಕ್ತ ಹೆಪ್ಪುಗಟ್ಟುವುದು, ಮರಗಟ್ಟುವುದು? ಎಲ್ಲ ಅಪರೂಪ, ಆದರೆ ಎಲ್ಲವೂ ಉಂಟು. ಸಾಯುವ... ಎಂದು ಶುರುಮಾಡಿದೆ. ಸುಮಿ ನನ್ನ ತೊಡೆ ಚಿವುಟಿದಳು. ವೈದ್ಯರು ಬೇಸರ ಮಾಡಿಕೊಳ್ಳಲಿಲ್ಲ. ಇಲ್ಲ ಎಂದು ಹೇಳುವ ವೈದ್ಯರ ಹತ್ತಿರ ಹೋಗಬೇಡಿ ಎಂದರು. ಅರಿವಳಿಕೆ ಕೊಡಲು ಬೇರೆ ತಜ್ಞರಿದ್ದಾರೆ, ಏನಾದರೂ ಆದರೆ ತುರ್ತು ಘಟಕ ಇದೇ ಕಟ್ಟಡದಲ್ಲಿದೆ, ನೀವು ಕೇಳದೆ ಬಿಟ್ಟದ್ದು ಇದೊಂದೇ ಎಂದರು. ಆ ಮಾತಿಗೆ ಪಿಯಾನೊದ ಮೇಲಿದ್ದ ನನ್ನ ಸಿಟ್ಟು ಇಳಿಯಿತು.

ಆ ಎರಡು ಡಬ್ಬಿಯ ಗುಳಿಗೆಗಳನ್ನು ಅವರು ಬರೆದು ತಿಳಿಸಿದಂತೆ ಸುಮಿ ಊರಲ್ಲೇ ಬಿಟ್ಟಿದ್ದಳು. ರಕ್ತ ಪರೀಕ್ಷೆ ಆಯಿತು. ಹೊರಡುವಾಗ ನೋಯ್ ಒಂದು ಕಾಗದ ಕೊಟ್ಟು ಓದಿ ಹೇಳಿದಳು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಶಸ್ತ್ರಚಿಕಿತ್ಸೆ. ರಾತ್ರಿಯ ಊಟವಾದ ಮೇಲೆ ಏನೂ ತಿನ್ನಬಾರದು. ನಾವಿಬ್ಬರೂ ತಲೆಯಾಡಿಸಿದೆವು. ಸೋಮವಾರ, ಶಿವರಾತ್ರಿ ಉಪವಾಸ ಮಾಡುವವರಿಗೆ ಇದನ್ನು ಕಲಿಸಬೇಕೇ?

ಮೂರನೆಯ ದಿನ, ಬೆಳಿಗ್ಗೆ

ನಮ್ಮ ಮನೆಯಲ್ಲಿ ಯಾರೇ ದೊಡ್ಡ ಕೆಲಸಕ್ಕೆ ಹೊರಟರೂ ಹೊಸ್ತಿಲ ಹತ್ತಿರ ಅಂಗೈಗೆ ಒಂದು ಚಮಚ ಮೊಸರು-ಸಕ್ಕರೆ ಹಾಕುತ್ತೇವೆ. ಅದನ್ನು ನೆಕ್ಕಿ, ಹಿಂದೆ ನೋಡದೆ ನಡೆಯಬೇಕು. ಅವ್ವ ಹೋದಮೇಲೆ ಆ ಚಮಚ ನನ್ನ ಕೈಗೆ ಬಂದಿದೆ. ಸುಮಿಯ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ನಾನೇ ಹಾಕಿದ್ದೆ, ಟೀಚರ್ ಸಂದರ್ಶನಕ್ಕೂ. ಒಮ್ಮೆಯೂ ಸುಳ್ಳಾಗಿಲ್ಲ.

ಹಿಂದಿನ ದಿನ ಸಂಜೆಯೇ ಮೂಲೆಯ ಅಂಗಡಿಯಿಂದ ಸಣ್ಣ ಡಬ್ಬಿ ಮೊಸರು ತಂದಿಟ್ಟಿದ್ದೆ. ಸಕ್ಕರೆ ಹೋಟೆಲಿನ ಚಹಾದ ಪುಡಿಕೆಯದು. ಬೆಳಿಗ್ಗೆ ಏಳೂಕಾಲಿಗೆ ಕೋಣೆಯ ಬಾಗಿಲಲ್ಲಿ ಸುಮಿ ಕೈ ಚಾಚಿದಳು. ನಾನು ಹಾಕಿದೆ. ಅವಳು ನೆಕ್ಕಿದಳು. ಇದು ತಿನ್ನುವುದು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಕುಂಕುಮ ಹಚ್ಚಿದಂತೆ ಇದೂ ಒಂದು.

ಆಸ್ಪತ್ರೆಯಲ್ಲಿ ಅವಳಿಗೆ ನಿಲುವಂಗಿ ತೊಡಿಸಿ ಗಾಲಿಮಂಚದ ಮೇಲೆ ಮಲಗಿಸಿದರು. ನರ್ಸು ಕೇಳಿದಳು, ಕೊನೆಗೆ ತಿಂದದ್ದು ಯಾವಾಗ? ನಿನ್ನೆ ಸಂಜೆ ಏಳಕ್ಕೆ ಎಂದಳು ಸುಮಿ. ವೈದ್ಯರು ಬಂದು ಪೆನ್ನಿನಿಂದ ಹೊಟ್ಟೆಯ ಮೇಲೆ ನಕಾಶೆ ಬರೆದರು. ನಾನು ಸೀಮೆಸುಣ್ಣದಲ್ಲಿ ಬಟ್ಟೆಗೆ ಗೆರೆ ಎಳೆಯುವ ಹಾಗೆ. ಅವರೂ ಕೇಳಿದರು. ಏಳಕ್ಕೆ. ಹೆಣ್ಣು ನೋಡಲು ಬಂದವರು ಹುಡುಗಿಯ ವಯಸ್ಸನ್ನು ತಿರುಗಿಸಿ ತಿರುಗಿಸಿ ಕೇಳಿದಂತೆ ಇವರೇನು ಎಂದುಕೊಂಡೆ.

ಮೂರನೆಯವರು ಅರಿವಳಿಕೆಯ ತಜ್ಞೆ. ಗಿಡ್ಡ ಹೆಂಗಸು, ತಲೆಗೆ ಹೂವಿನ ಚಿತ್ತಾರದ ಟೋಪಿ. ಮಂಚದ ಅಂಚಿಗೆ ಕೈಯಿಟ್ಟು ನಿಧಾನವಾಗಿ ಕೇಳಿದರು. ನೋಯ್ ಹಿಂದಿಗೆ ತಂದಳು: "ಆಮೇಲೆ ಏನೂ ಇಲ್ಲವೇ? ಹಾಲು, ಪೆಪ್ಪರಮಿಂಟು, ಒಂದು ಚಮಚ ಏನಾದರೂ?"

ಒಂದು ಚಮಚ.

ನಾನು ಸುಮಿಯನ್ನು ನೋಡಿದೆ. ಅವಳೂ ನನ್ನನ್ನು ನೋಡಿದಳು. ಅವಳಿಗೂ ಆಗಲೇ ಹೊಳೆದಿತ್ತು.

"ಇಲ್ಲ," ಎಂದಳು ಅವರಿಗೆ. ನನ್ನ ಮುಂಗೈ ಹಿಡಿದು ಒತ್ತಿ, ಕನ್ನಡದಲ್ಲಿ, ನಗುಮುಖ ಬಿಡದೆ ಅಂದಳು: "ಅಕ್ಕಾ, ಸುಮ್ನಿರು. ಒಂದ ಚಮಚಾ. ಹೇಳಿದ್ರ ಇವತ್ತ ಮಾಡಾಂಗಿಲ್ಲ. ನನ್ನ ರಜಾ ಮುಗೀತೈತಿ. ಇಷ್ಟ ದೂರ ಬಂದೇನಿ."

ಗಾಲಿ ಉರುಳಿತು. ನಾನು ಸುಮ್ಮನಿದ್ದೆ. ಹತ್ತು ಹೆಜ್ಜೆ ಇರಬಹುದು. ಜೀವನವಿಡೀ ಆಗದ ಅನಾಹುತಗಳಿಗೆ ಚಿಂತಿಸಿದ ನಾನು, ಖರೇ ಚಿಂತಿಸಬೇಕಾದ ಒಂದು ಗಳಿಗೆಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಎರಡು ರೆಕ್ಕೆಯ ಬಾಗಿಲು ತೆರೆಯಿತು.

"ದಹೀ!" ಎಂದು ಕೂಗಿದೆ. "ರುಕೋ! ದಹೀ ಖಾಯಾ! ಮೈನೇ ಖಿಲಾಯಾ!"

ಕಾರಿಡಾರಿನಲ್ಲಿದ್ದ ಎಲ್ಲರೂ ತಿರುಗಿದರು. ಹಿಂದಿ ಬಾರದವರಿಗೂ ಅರ್ಥವಾಯಿತು ಎನ್ನಿಸುತ್ತದೆ. ಗಾಲಿ ನಿಂತಿತು. ಸುಮಿ ಮುಖಕ್ಕೆ ಹೊದಿಕೆ ಎಳೆದುಕೊಂಡಳು.

ಹೂವಿನ ಟೋಪಿಯ ಆ ಹೆಂಗಸು ಬೈಯಲಿಲ್ಲ. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಹೇಳಿದರು. ಅರಿವಳಿಕೆ ಕೊಟ್ಟಾಗ ಕೆಮ್ಮುವ ಶಕ್ತಿಯೂ ಮಲಗಿಬಿಡುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೇರಿ ಉಸಿರಿನ ದಾರಿಗೆ ಇಳಿದರೆ ತಡೆಯುವವರಿಲ್ಲ. ನೀರಿನ ಲೆಕ್ಕ ಬೇರೆ, ಹಾಲು-ಮೊಸರಿನದು ಊಟದ ಲೆಕ್ಕ. ಚಮಚವೋ ತಟ್ಟೆಯೋ ಹೊರಗೆ ನಿಂತವರಿಗೆ ಕಾಣುವುದಿಲ್ಲ. ಮೊಸರು ತಿಂದು ಆರು ತಾಸು ಆಗಲಿ, ಮಧ್ಯಾಹ್ನ ಮಾಡೋಣ. ಆಮೇಲೆ ಎದೆಯ ಹತ್ತಿರ ಕೈ ಜೋಡಿಸಿ ನನಗೆ ನಮಸ್ಕರಿಸಿದರು. "ನಾವು ಮೂರು ಸಲ ಕೇಳುವುದೇ ಇದಕ್ಕೆ," ಎಂದಳು ನೋಯ್, ಅವರ ಪರವಾಗಿ. "ಕೆಲವರಿಗೆ ಮೂರನೆಯ ಸಲಕ್ಕೆ ನೆನಪಾಗುತ್ತದೆ."

ಕೆಲವರ ಅಕ್ಕಂದಿರಿಗೆ, ಬಾಗಿಲ ಹತ್ತಿರ.

ಮೂರನೆಯ ದಿನ, ಮಧ್ಯಾಹ್ನ

ಮಧ್ಯಾಹ್ನದವರೆಗೂ ಸುಮಿಗೆ ನನ್ನ ಮೇಲೆ ಸಿಟ್ಟು. ಹಸಿದಿದ್ದಳು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಒಮ್ಮೆ ಮಾತ್ರ ತಿರುಗಿ ಅಂದಳು:

"ಕೊಟ್ಟಾಕಿನೂ ನೀನ, ಹೇಳಿದಾಕಿನೂ ನೀನ. ಎರಡೂ ನೀನ ಮಾಡ್ತಿ. ನಾ ಯಾಕ ಬಂದೇನಿ ಇಲ್ಲಿ?"

"ನೀ ಬದುಕಿರಾಕ," ಎಂದೆ.

"ಅಕ್ಕಾ, ನನ್ನ ಮದುವ್ಯಾಗೂ ನೀ ಹಿಂಗ ಒದರಿದ್ದಿ. ಅಕ್ಕಿಕಾಳಿನ್ಯಾಗ ಹುಳಾ ಅದಾವ ಅಂತ."

"ಇದ್ದೂವು."

ಮತ್ತೆ ಗೋಡೆ. ಎರಡು ಗಂಟೆಗೆ ಅವಳನ್ನು ಕರೆದೊಯ್ದರು. ಈ ಸಲ ಬಾಗಿಲು ಮುಚ್ಚಿತು. ಸಿಟ್ಟಿನಲ್ಲೇ ಹೋದಳು, ಹಿಂದೆ ನೋಡಲಿಲ್ಲ.

ಕಾಯುವ ಕೋಣೆಯಲ್ಲಿ ನನ್ನ ಪಕ್ಕ ಒಬ್ಬ ಥಾಯ್ ಮುದುಕಿ ಕೂತಿದ್ದಳು. ಅವಳವರು ಯಾರು ಒಳಗಿದ್ದರೋ ಗೊತ್ತಿಲ್ಲ. ಬೆರಳುದ್ದದ ಒಂದು ಸಣ್ಣ ಕೊಳವೆಯನ್ನು ಆಗಾಗ ಮೂಸುತ್ತಿದ್ದಳು, ಕರ್ಪೂರದ ಘಾಟು. ನನ್ನ ಮುಖ ನೋಡಿ ಕೊಳವೆ ನನ್ನ ಕಡೆ ಚಾಚಿದಳು. ನಮ್ಮಲ್ಲಿ ಎಲೆಅಡಿಕೆಯ ಸಂಚಿ ಚಾಚಿದಂತೆ. ನಾನೂ ಮೂಸಿದೆ. ತಲೆಯೊಳಗೆ ಕಿಟಕಿ ತೆರೆದಂತಾಯಿತು. ಭಾಷೆ ಇಲ್ಲದೆ ಇಬ್ಬರೂ ಸರದಿಯಂತೆ ಮೂಸುತ್ತ ಕೂತೆವು. ನನಗೆ ಏನೇನು ಲೆಕ್ಕ ಹೊಳೆಯಿತೆಂದು ಬರೆಯಲಾರೆ. ಸುಮಿಯ ಗಂಡನಿಗೆ ಯಾವ ಮಾತಿನಿಂದ ಹೇಳಬೇಕು ಎಂಬವರೆಗೂ ಹೋಗಿಬಂದೆ.

ಐದರ ಹೊತ್ತಿಗೆ ನೋಯ್ ಓಡಿ ಬಂದಳು. ಓಡಿ ಬರುವವರನ್ನು ಕಂಡರೆ ನನ್ನ ಎದೆ ನಿಲ್ಲುತ್ತದೆ ಎಂದು ಆ ಹುಡುಗಿಗೆ ಯಾರೂ ಹೇಳಿರಲಿಲ್ಲ. "ಆಯಿತು, ಆಯಿತು, ಎಚ್ಚರವಾಗಿದ್ದಾರೆ!" ಎಂದಳು. ನಾನು ಅತ್ತೆ. ಮುದುಕಿ ನನ್ನ ಬೆನ್ನು ತಟ್ಟಿ, ಕೊಳವೆಯನ್ನು ನನ್ನ ಮುಷ್ಟಿಯಲ್ಲಿಟ್ಟು ಬೆರಳು ಮಡಚಿದಳು.

ಸುಮಿಯ ತುಟಿ ಒಣಗಿತ್ತು. ಕಣ್ಣು ಅರ್ಧ ತೆರೆದಿದ್ದಳು.

"ಸುಮಿ, ನಾನು."

"ಗೊತ್ತಾತು," ಎಂದಳು. "ಒದರಬ್ಯಾಡ."

ಹೋಟೆಲು

ಮರುದಿನ ಬಿಟ್ಟರು. ಈಗ ಬರೆಯುವುದು, ಇದನ್ನು ಮಾಡಿಸಿಕೊಳ್ಳಬೇಕೆಂದು ಪರದೆಯ ಹಿಂದೆ ನಿಂತು ನನ್ನನ್ನು ಮೆಲ್ಲಗೆ ಕೇಳುವ ಹೆಣ್ಣುಮಕ್ಕಳಿಗಾಗಿ.

ಮೊದಲ ದಿನ ಹಾಸಿಗೆ ಒದ್ದೆಯಾಗುತ್ತದೆ. ನಳಿಗೆ ತೂರಿಸಿದ ಸಣ್ಣ ರಂಧ್ರಗಳಿಂದ ಗುಲಾಬಿ ಬಣ್ಣದ ನೀರು ಸೋರುತ್ತದೆ. ಕೊಬ್ಬು ಸಡಿಲಿಸಲು ಒಳಗೆ ಬಿಟ್ಟ ಔಷಧಿ ನೀರು ಹೊರಗೆ ಬರುವುದು ಅದು. ಇದನ್ನು ನಮಗೆ ಹೇಳಿದ್ದರು. ಹೇಳಿದ್ದರೂ ನಾನು ಬೆಳಿಗ್ಗೆ ಚಾದರ ನೋಡಿ ನೋಯ್‌ಗೆ ಫೋನು ಮಾಡಿ, ತಂಗಿ ಕರಗುತ್ತಿದ್ದಾಳೆ ಎಂದೆ. ಎರಡು ದಿನಕ್ಕೆ ನಿಂತಿತು. ನಿಲ್ಲದಿದ್ದರೆ, ಜ್ವರ ಬಂದರೆ, ಒಂದೇ ಕಾಲು ಬಾತರೆ, ಉಸಿರು ಕಟ್ಟಿದರೆ ಮಾತ್ರ ತಡಮಾಡದೆ ಓಡಬೇಕು.

ಬಿಗಿ ಅಂಗಿ ಹಾಕುತ್ತಾರೆ. ಎದೆಯ ಕೆಳಗಿನಿಂದ ತೊಡೆಯವರೆಗೆ. ವಾರಗಟ್ಟಲೆ ಹಗಲೂ ರಾತ್ರಿ ತೊಡಬೇಕು. ಅದನ್ನು ನಾನು ತಿರುವಿ ನೋಡಿದೆ. ಹೊಲಿಗೆಯೆಲ್ಲ ಹೊರಗಡೆ, ಮೈಗೆ ಒತ್ತದಂತೆ. ಹೊಲಿದವರ ಕೈಗೆ ಮನಸ್ಸಿನಲ್ಲೇ ನಮಸ್ಕರಿಸಿದೆ. ಅದನ್ನು ಅವಳಿಗೆ ಹಾಕಲು ಮಾತ್ರ ನಮ್ಮಿಬ್ಬರಿಗೂ ಅರ್ಧ ತಾಸು, ಒಂದಿಷ್ಟು ಬೈಗುಳ.

"ಎಳಿ ಅಕ್ಕಾ, ಎಳಿ! ನೀ ಬ್ಲೌಸಿಗೆ ಹುಕ್ಕ ಹಚ್ಚಾಕಿ, ಇಷ್ಟ ಆಗೂದಿಲ್ಲ?"

"ಬ್ಲೌಸಿನ್ಯಾಗ ಹಿಂಗ ಒದ್ದಾಡೂ ಹೆಂಗಸು ಇರೂದಿಲ್ಲ, ಹುಚ್ಚಿ!"

ಹೊಟ್ಟೆ ನೇರಳೆ, ಹಸಿರು, ಹಳದಿ ಬಣ್ಣಕ್ಕೆ ತಿರುಗಿತು. ಇನ್ನೊಂದು ದೊಡ್ಡ ವಿಷಯ: ಬಾವು. ಐದನೆಯ ದಿನ ಸುಮಿ ತೂಕ ನೋಡಿಕೊಂಡು ಮಂಚದ ಮೇಲೆ ಕೂತುಬಿಟ್ಟಳು. ಬರುವಾಗ ಇದ್ದದ್ದಕ್ಕಿಂತ ಹೆಚ್ಚು! ಬಾವು ಇಳಿಯಲು ವಾರಗಳು, ನಿಜವಾದ ಆಕಾರ ಕಾಣಲು ತಿಂಗಳುಗಳು ಬೇಕೆಂದು ವೈದ್ಯರು ನಗುತ್ತ ಹೇಳಿದರು. ಮದುವೆಗೆ ವಾರವಿರುವಾಗ ಯಾರೂ ಮಾಡಿಸಿಕೊಳ್ಳಬೇಡಿ. ಬ್ಲೌಸಿನ ಅಳತೆ ಕೊಡಲೂ ಬರಬೇಡಿ.

ಉದ್ಯಾನ

ದಿನಾ ನಡೆಯಬೇಕು, ಮೆಲ್ಲಗೆ. ಆಸ್ಪತ್ರೆಯ ಹತ್ತಿರ ಒಂದು ಉದ್ಯಾನ. ಅಲ್ಲಿ ಊಸರವಳ್ಳಿಯ ಅಜ್ಜನಂಥ ಉಡಗಳು ಕೆರೆಯಿಂದೆದ್ದು ದಾರಿ ದಾಟುತ್ತವೆ. ಜನ ಅವಕ್ಕೆ ದಾರಿ ಬಿಡುತ್ತಾರೆ, ನಾವು ಎಮ್ಮೆಗೆ ಬಿಟ್ಟಂತೆ. ಎಂಟನೆಯ ದಿನ ಸಂಜೆ ಸುಮಿ ನನ್ನ ತೋಳು ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದಾಗ ಹಿಂದಿನಿಂದ ದನಿ ಬಂತು:

"ಅಯ್ಯೋ ಶಿವನ! ಟೇಲರ್ ಅಕ್ಕಾರ ಅಲ್ಲೇನ್ರಿ?"

ತಿರುಗಿದರೆ ನನ್ನ ಅಂಗಡಿಯ ಎದುರು ಬೀಜ-ಗೊಬ್ಬರ ಮಾರುವ ಮಹಾಂತೇಶ! ಹೂವಿನ ಅಂಗಿ, ಚಡ್ಡಿ, ಕಪ್ಪು ಕನ್ನಡಕ. ರಾಣೆಬೆನ್ನೂರಿನಲ್ಲಿ ಹೆಚ್ಚು ಬೀಜ ಮಾರಿದ ಅಂಗಡಿಯವರನ್ನು ಕಂಪನಿಗಳು ಇಂಥ ಊರುಗಳಿಗೆ ಕರೆತರುತ್ತವೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಚಿಂತಿಸಲು ಮರೆತಿದ್ದೆ. ನನ್ನಂಥವಳಿಗೆ ಇದು ನಾಚಿಕೆಯ ಸಂಗತಿ.

ಸುಮಿಯ ಉಗುರು ನನ್ನ ತೋಳಿಗೆ ನಾಟಿತು. ಏನು ಹೇಳಲಿ? ಬುದ್ಧ? ಗುಡಿ? ನಾನು ಬಾಯಿ ತೆರೆಯುವ ಮೊದಲೇ ಮಹಾಂತೇಶ ಕನ್ನಡಕ ತೆಗೆದು, ಹತ್ತಿರ ಬಂದು, ದನಿ ಇಳಿಸಿದ.

"ಅಕ್ಕಾರ, ಕಾಲ ಬೀಳತೇನಿ. ನಮ್ಮನ್ಯಾಗ ಹೈದರಾಬಾದಿಗೆ ಮೀಟಿಂಗ್ ಅಂತ ಹೇಳೇನ್ರಿ. ಬ್ಯಾಂಕಾಕ್ ಅಂದ್ರ ಆಕಿ ಏನೇನರ ತಿಳ್ಕೊಂಡಾಳು. ನೀವು ನನ್ನ ನೋಡಿಲ್ಲ, ನಾ ನಿಮ್ಮನ್ನ ನೋಡಿಲ್ಲ. ಆತಿಲ್ಲೋ?"

"ಆತಪಾ," ಎಂದೆ, ದೊಡ್ಡ ಮನಸ್ಸು ಮಾಡಿದವಳಂತೆ. "ಆದ್ರ ಸುಳ್ಳ ಹೇಳೂದು ಛಲೋ ಅಲ್ಲ ನೋಡು."

ಅವನು ಹೋದ ಮೇಲೆ ಸುಮಿ ನಗಲು ಶುರುಮಾಡಿದಳು. ನಗಬಾರದು, ಹೊಟ್ಟೆ ನೋಯುತ್ತದೆ. ಹೊಟ್ಟೆ ಹಿಡಿದುಕೊಂಡು, "ಅಯ್ಯೋ, ಅಯ್ಯೋ, ನಗಸಬ್ಯಾಡ," ಎನ್ನುತ್ತ ಬೆಂಚಿನ ಮೇಲೆ ಕೂತು ನಕ್ಕಳು. ಒಂದು ಉಡ ನಿಂತು ನಮ್ಮನ್ನು ನೋಡಿತು. ಆ ಬೆಂಚಿನ ಮೇಲೆ 'ಅಕ್ಕಾ' ಎಂದು ನನ್ನ ಹೆಗಲಿಗೆ ಒರಗಿ ಅಂದಳು:

"ಅವತ್ತ ನೀ ಒದರದ ಇದ್ದಿದ್ರ... ನಾ ಹೇಳತಿದ್ದಿಲ್ಲ, ಖರೇ."

"ಗೊತ್ತೈತಿ."

"ಅದನ್ನ ನೆನಸ್ಕೊಂಡ್ರ ಈಗ ಅಂಜಿಕಿ ಬರತೈತಿ."

"ನನಗ ಅವತ್ತ ಬಂದಿತ್ತು. ನೀ ನಿಧಾನಕ್ಕ ಅಂಜು."

ವಿಮಾನ

ಹನ್ನೆರಡನೆಯ ದಿನ ವೈದ್ಯರು ಹಾರಲು ಒಪ್ಪಿದರು. ಏನು ಮಾಡಿದರೆಂಬ ಕಾಗದ ಪೂರಾ ಬರೆದುಕೊಟ್ಟರು. ಷರತ್ತು ಒಂದೇ. ಕೂತೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟೀತು, ಅದಕ್ಕೆ ತಾಸಿಗೊಮ್ಮೆ ಎದ್ದು ನಡೆಯಬೇಕು, ನೀರು ಕುಡಿಯುತ್ತಿರಬೇಕು. ಆ ಜವಾಬ್ದಾರಿ ನನ್ನದು ಎಂದೆ.

ಬೆಳಗಿನ ವಿಮಾನ. ಮೊದಲ ತಾಸಿಗೆ ಸರಿಯಾಗಿ ಅವಳನ್ನು ಎಬ್ಬಿಸಿ ಹಿಂದಿನ ಶೌಚಾಲಯದವರೆಗೆ ನಡೆಸಿದೆ. ವಾಪಸು ಬಂದು ಬೆಲ್ಟು ಹಾಕಿಕೊಂಡೆ. ಕಿಟಕಿಯಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲಿನ ಅಂಗಳದ ಅರಳೆಯಂತೆ ಮೋಡ. ಅದಷ್ಟು ನೆನಪಿದೆ.

ಆಮೇಲೆ ಸುಮಿಯ ಕೈ ನನ್ನ ಕೆನ್ನೆಯ ಮೇಲಿತ್ತು. ನನ್ನ ಮೈಮೇಲೆ ಎರಡು ಹೊದಿಕೆ.

"ಏಳವಾ, ಬೆಂಗಳೂರ ಬಂತು."

ನಾನು ಹೊದಿಕೆ ಸರಿಸಿ ನೆಟ್ಟಗೆ ಕೂತೆ. "ಅಯ್ಯ ನನ್ನ! ನೀ ಅಡ್ಡಾಡಿದ್ಯೋ ಇಲ್ಲೋ? ನೀರ ಕುಡದಿ? ಕಾಲ ತೋರ್ಸು, ಮೀನಖಂಡ ನೋಯ್ತಾವೇನ? ಯಾಕ ಎಬ್ಬಸಲಿಲ್ಲ ನೀ?"

"ಅಡ್ಡಾಡೇನಿ. ಅರ್ಧ ತಾಸಿಗೊಮ್ಮೆ ಅಡ್ಡಾಡೇನಿ, ನಿನಗ ಅಂಜಿ." ಅವಳು ನನ್ನ ಕೂದಲು ಹಿಂದೆ ಸರಿಸಿದಳು. "ನಿನ್ನ ಗೊರಕಿ ಕೇಳಿ ಮುಂದಿನ ಸಾಲಿನಾಂವ ತಿರುಗಿ ತಿರುಗಿ ನೋಡಾಕತ್ತಿದ್ದ. ನಮ್ಮಕ್ಕರಿ, ಹನ್ನೆರಡು ದಿನಾ ಕಣ್ಣ ಮುಚ್ಚಿಲ್ಲ, ಮಲಗಲಿ ಬಿಡ್ರಿ ಅಂದೆ. ಪಾಪ, ಆಮ್ಯಾಲ ಅಂವ ಕೆಮ್ಮಲಿಲ್ಲ ಸೈತ."

ಬಗ್ಗಿ ಅವಳ ಕಾಲು ಮುಟ್ಟಿ ನೋಡಿದೆ. ಎರಡೂ ಒಂದೇ ದಪ್ಪ, ಎರಡೂ ಬೆಚ್ಚಗೆ. ಹಣೆ ತಣ್ಣಗೆ. ಉಸಿರು ಸರಾಗ. ಇನ್ನೇನಾದರೂ ಉಳಿದಿದೆಯೇ ಎಂದು ಮನಸ್ಸಿನಲ್ಲಿ ಹುಡುಕಿದೆ. ಏನೂ ಸಿಗಲಿಲ್ಲ. ಏನೂ ಸಿಗದಿದ್ದಾಗ ಏನು ಮಾಡಬೇಕೆಂದು ನನಗೆ ಅಭ್ಯಾಸವಿಲ್ಲ.

ಚಕ್ರ ನೆಲಕ್ಕೆ ತಾಗಿತು. ವಿಮಾನ ಇನ್ನೂ ಓಡುತ್ತಿರುವಾಗಲೇ ನಮ್ಮ ಜನ ಎದ್ದು ಚೀಲ ಇಳಿಸತೊಡಗಿದರು, ಹಾವೇರಿ ಬಸ್‌ಸ್ಟ್ಯಾಂಡು ಬಂದ ಹಾಗೆ. ಗಗನಸಖಿ ಕೂರಿ ಕೂರಿ ಎಂದು ಕೂಗುತ್ತಿದ್ದಳು. ನಾವಿಬ್ಬರು ಮಾತ್ರ ಏಳಲಿಲ್ಲ. ಸುಮಿ ಜಾರಿದ್ದ ಹೊದಿಕೆಯನ್ನು ಮತ್ತೆ ನನ್ನ ಹೆಗಲ ಮೇಲೆ ಎಳೆದಳು. ಕೊನೆಯ ಪ್ರಯಾಣಿಕನೂ ಇಳಿದು ಹೋಗುವವರೆಗೆ ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ.